ಹಡಗಿನ ಗಾಡಿಯ ಜವರಪ್ಪ

ಗಾಡಿ ಹೊರಡುವ ಮುಂಚೆ ಜವರಪ್ಪನವರು ನೋಡುತ್ತಿದ್ದದ್ದು ಟೈರಿನ ಗಾಳಿಯನ್ನಲ್ಲ, ಡೀಸೆಲ್ಲಿನ ಮುಳ್ಳನ್ನಲ್ಲ. ನಾನು ಎಲ್ಲಿದ್ದೇನೆ ಎಂಬುದನ್ನು. ಮಂಡಿ ಮೊಹಲ್ಲಾದ ಇಕ್ಕಟ್ಟು ಆಫೀಸಿನ ಬಾಗಿಲಲ್ಲಿ ನಿಂತು, ಕತ್ತು ಹೊರಳಿಸಿ, "ಒಳಕ್ಕೋದ್ಲಾ?" ಎಂದು ಡ್ರೈವರ್ ರಫೀಕನನ್ನು ಕೇಳುತ್ತಿದ್ದರು. ರಫೀಕ್ ತಲೆಯಾಡಿಸಿದ ಮೇಲೆ ಕರ್ಪೂರ, ಚಕ್ರದ ಕೆಳಗೆ ನಿಂಬೆಹಣ್ಣು, ಆಮೇಲೆ ಸೆಲ್ಫು. ಒಳಗೆ ಹೋಗಬೇಕಾದವಳು ನಾನು, ಸುಮಿತ್ರಾ. ಗಂಡ ಸತ್ತವಳು ಎದುರಿಗೆ ಬಂದರೆ ಹೊರಟ ಗಾಡಿಗೆ ಕೇಡು ಎಂಬುದು ಅವರ ಲೆಕ್ಕ. ಆ ಗಾಡಿ ಎಲ್ಲಿಗೆ ಹೋಗಬೇಕು, ಯಾರನ್ನು ಕರೆತರಬೇಕು, ಯಾವ ಹೋಟೆಲಿನ ಬಾಗಿಲಲ್ಲಿ ಇಳಿಸಬೇಕು ಎಂಬುದನ್ನೆಲ್ಲ ಗೊತ್ತು ಮಾಡುತ್ತಿದ್ದವಳೂ ನಾನೇ.

"ಅವರು", "ಇವರು" ಎಂದು ಬಹುವಚನ ಹಚ್ಚಿ ಬರೆಯುತ್ತಿರುವುದು ಮೈಸೂರಿನವರ ಬಾಯಿ ಅಭ್ಯಾಸ. ಗೌರವ ಉಕ್ಕಿ ಹರಿಯುತ್ತಿದೆ ಎಂದು ಯಾರೂ ತಿಳಿಯಬೇಕಾಗಿಲ್ಲ. "ಹೋದವರ ಮೇಲೆ ಇನ್ನೇನು ಸಿಟ್ಟು, ಬಿಟ್ಬಿಡಿ ಅಕ್ಕ" ಎನ್ನುತ್ತಾನೆ ರಫೀಕ್. ಇದ್ದಾಗಲೂ ಮುಖದ ಮೇಲೆಯೇ ಹೇಳಿದ್ದೇನೆ, ಈಗೇಕೆ ಮುಚ್ಚಿಡಲಿ?

ಆಳು ಗಿಡ್ಡ. ಗಂಟಲು ಮಾತ್ರ, ದೊಡ್ಡ ಮಾರುಕಟ್ಟೆಯ ಈ ಬಾಗಿಲಲ್ಲಿ ಕೂಗಿದರೆ ಆ ಬಾಗಿಲಲ್ಲಿ ಹೂ ಕಟ್ಟುವವಳು ತಿರುಗಿ ನೋಡಬೇಕು, ಅಷ್ಟು. ಬಿಳಿ ಶರ್ಟು, ಬಿಳಿ ಪ್ಯಾಂಟು, ಎದೆಯ ಜೇಬಿನಲ್ಲಿ ಬಾಚಣಿಗೆ. ಬೈಗುಳವಿಲ್ಲದೆ ಮಾತು ಮುಗಿಸಿದ್ದನ್ನು ನಾನು ಕೇಳಿಲ್ಲ. ಟೀ ತಣ್ಣಗಿದ್ದರೆ ಟೀಯವನ ವಂಶಕ್ಕೆ, ಫೋನು ಕಟ್ಟಾದರೆ ಅದನ್ನು ಕಂಡುಹಿಡಿದವನ ವಂಶಕ್ಕೆ ಸಹಸ್ರನಾಮ. ಡ್ರೈವರುಗಳನ್ನು ಸಾಲಾಗಿ ನಿಲ್ಲಿಸಿ ಬಗಲು ಮೂಸುತ್ತಿದ್ದರು. ವಾಸನೆ ಬಂತೋ, ಅಲ್ಲೇ ಅತ್ತರಿನ ಬಾಟಲಿ ಬಿಚ್ಚಿ ಬಳಿದು, "ಫಾರಿನ್ನೋರು ನಿನ್ ಬೆವರು ಮೂಸಕ್ ಬಂದವ್ರೇನ್ಲಾ?" ಎನ್ನುವರು. ಬೀದಿಯವರೆಲ್ಲ ನಿಂತು ನೋಡುತ್ತಿದ್ದರು, ಜವರಪ್ಪನವರಿಗೆ ಅದೇ ಬೇಕಾಗಿತ್ತು.

ಹಡಗಿನ ದಿನ ಮಾತ್ರ ತಲೆಗೆ ಜರಿಯಂಚಿನ ಪೇಟ ಏರುತ್ತಿತ್ತು. ತಮ್ಮ ಅಜ್ಜ ಅರಮನೆಯ ಕುದುರೆ ಲಾಯದ ಜಮೇದಾರರಾಗಿದ್ದರು ಎಂದು ಬಂದವರಿಗೆಲ್ಲ ನನ್ನ ಬಾಯಿಂದ ಇಂಗ್ಲಿಷಿನಲ್ಲಿ ಹೇಳಿಸುತ್ತಿದ್ದರು. ಅವರಜ್ಜ ನರಸೀಪುರದ ಕಡೆ ರಾಗಿ ಬೆಳೆದುಕೊಂಡಿದ್ದವರು, ಅರಮನೆಯನ್ನು ದಸರಾದಲ್ಲಿ ದೂರದಿಂದ ಕಂಡವರು. ರಾಗಿ ಬೆಳೆದದ್ದರಲ್ಲಿ ನಾಚಿಕೆ ಏನಿದೆಯೋ ನನಗೆ ತಿಳಿಯದು. ಅವರಿಗೆ ಇತ್ತು.

ಹಡಗಿನ ಕೆಲಸ ಎಂದರೆ ಇಷ್ಟು. ಮಂಗಳೂರಿನ ಬಂದರಿಗೆ ಚಳಿಗಾಲದಲ್ಲಿ ದೊಡ್ಡ ದೊಡ್ಡ ಪ್ರವಾಸಿ ಹಡಗುಗಳು ಬರುತ್ತವೆ. ಹೆಚ್ಚಿನವರು ಹಗಲೆಲ್ಲ ಮಂಗಳೂರು ಸುತ್ತಿ ಸಂಜೆ ಮತ್ತೆ ಹಡಗು ಹತ್ತುತ್ತಾರೆ. ಕೆಲವರು ಮಾತ್ರ ಪೆಟ್ಟಿಗೆ ಸಮೇತ ಅಲ್ಲೇ ಇಳಿದು, ಮೈಸೂರಿನ ಹೋಟೆಲಿನಲ್ಲಿ ಎರಡು ದಿನ ಉಳಿದು, ಬೆಂಗಳೂರಿನಿಂದ ವಿಮಾನ ಹಿಡಿಯುತ್ತಾರೆ. ಅವರನ್ನು ಹಡಗಿನ ಬುಡದಿಂದ ಹೋಟೆಲಿನ ಬಾಗಿಲಿಗೆ ತಂದು ಮುಟ್ಟಿಸುವುದು ಜವರಪ್ಪನವರ ಕಾರುಬಾರು. ಬಂದರಿನೊಳಗೆ ಯಾವ ಗಾಡಿಯೂ ಸುಮ್ಮನೆ ನುಗ್ಗುವಂತಿಲ್ಲ. ಗಾಡಿಯ ನಂಬರು, ಡ್ರೈವರಿನ ಗುರುತು ಮೊದಲೇ ಕಳಿಸಬೇಕು. ಹಡಗಿನ ಏಜೆಂಟರಿಗೆ ಮೇಲ್, ಹೋಟೆಲಿಗೆ ಫೋನು, ಬರುವವರಿಗೆ ವಾಟ್ಸಾಪು, ಇಷ್ಟನ್ನೂ ಇಂಗ್ಲಿಷಿನಲ್ಲಿ ಮಾಡಲು ಒಬ್ಬರು ಬೇಕಿತ್ತು. ಗೋಕುಲಂನಲ್ಲಿ ಯೋಗ ಕಲಿಯಲು ಬರುವ ಪರದೇಶಿಗಳಿಗೆ ಕೋಣೆ ಬಾಡಿಗೆ ಕೊಡುವ ಮನೆಯಲ್ಲಿ ಕೆಲಸ ಮಾಡಿ ನನಗೆ ಇಂಗ್ಲಿಷ್ ಬಂದಿತ್ತು. ಆ ಮನೆಯವರು ಬಾಗಿಲು ಹಾಕಿದ ಮೇಲೆ ನಾನು ಇವರ ಬಾಗಿಲಿಗೆ ಬಂದೆ.

"ಇಂಗ್ಲೀಸು ಬತ್ತದಾ?" ಎಂದರು.

"ಬರುತ್ತೆ ಸಾರ್."

"ಯಜಮಾನ್ರು ಏನ್ ಮಾಡ್ತಾರೆ?"

"ಇಲ್ಲ ಸಾರ್. ಹೋಗ್ಬಿಟ್ರು."

ಸ್ವಲ್ಪ ಹೊತ್ತು ಫ್ಯಾನು ನೋಡಿದರು. "ನೋಡಮ್ಮ, ನಿಂಗೆ ಕೆಲ್ಸ ಕೊಡ್ತೀನಿ. ಗಾಡಿ ಒರಡೋವಾಗ ನೀನು ಇತ್ಲಾಗೆ ಕಾಣಿಸ್ಕೋಬಾರ್ದು, ಒಳ್ಗಡೆ ರೂಮ್ನಾಗೆ ಇದ್ಬುಡು. ಬೇಜಾರ್ ಮಾಡ್ಕೋಬ್ಯಾಡ. ನಂದು ರೋಡ್ ಮೇಲಿನ ಯಾಪಾರ."

ಒಪ್ಪಿಕೊಂಡೆ. ಚಾಮರಾಜಪುರಂನ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೆ, ಬೇರೆ ಕೆಲಸ ಇರಲಿಲ್ಲ. ಬೇಜಾರು ಮಾಡಿಕೊಳ್ಳಬೇಡ ಎಂದು ಹೇಳಿಬಿಟ್ಟರೆ ಬೇಜಾರಾಗುವುದಿಲ್ಲ ಎಂದುಕೊಳ್ಳುವ ಜನ ಇದ್ದಾರಲ್ಲ, ಅವರಲ್ಲಿ ಇವರೊಬ್ಬರು.

ಒಳಗಿನ ಕೋಣೆ ಎಂದರೆ ಹಳೆಯ ಟೈರುಗಳನ್ನು ಪೇರಿಸಿಡುವ ಜಾಗ. ಕಿಟಕಿ ಇಲ್ಲ. ಒಂದು ಟೈರಿನ ಮೇಲೆ ಕೂತು ನಾನು ಹೊರಗಿನ ಗಂಟೆ ಸದ್ದು ಕೇಳುತ್ತಿದ್ದೆ. ಗಾಡಿ ಬೀದಿಯ ತಿರುವು ದಾಟಿದ ಮೇಲೆ ಯಾರಾದರೂ ಬಂದು ಬಾಗಿಲು ತಟ್ಟುತ್ತಿದ್ದರು. ರಫೀಕನ ಪಾಳಿಯಾದರೆ, "ಬನ್ನಿ ಅಕ್ಕ, ಟೀ ಹೇಳಿದೀನಿ" ಎನ್ನುತ್ತಿದ್ದ, ನನ್ನ ಮುಖ ನೋಡುತ್ತಿರಲಿಲ್ಲ. ಸೀರೆಗೆ ಹತ್ತಿದ ರಬ್ಬರಿನ ವಾಸನೆ ಒಗೆದರೂ ಹೋಗುತ್ತಿರಲಿಲ್ಲ. ಮನೆಗೆ ಹೋಗಿ ಕನ್ನಡಿ ಮುಂದೆ ನಿಂತು, ಈ ಮುಖದಲ್ಲಿ ಏನಿದೆ ಎಂದು ನಾನೇ ನೋಡಿಕೊಂಡ ದಿನಗಳಿವೆ. ಥೂ, ಆ ದಿನಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಕೆಲಸ ಬಲ್ಲವರು ಎಂಬುದನ್ನು ಇಲ್ಲ ಎನ್ನಲಾರೆ. "ನೀರಿನ್ ಮೇಲಿಂದ ಬಂದೋರ್ಗೆ ನೆಲ ಇನ್ನೂ ಆಡ್ತಿರ್ತದೆ ಕಣ್ರಲಾ, ಸೀದಾ ಘಾಟಿ ಅತ್ತಿಸ್ಬ್ಯಾಡಿ" ಎಂದು ಡ್ರೈವರುಗಳಿಗೆ ಹೇಳುತ್ತಿದ್ದರು. ಪುತ್ತೂರಿನಲ್ಲಿ ಇಳಿಸಿ, ನಡೆದಾಡಿಸಿ, ಏನಾದರೂ ತಿನ್ನಿಸಿ, ಆಮೇಲೆಯೇ ಸಂಪಾಜೆ ಘಾಟಿ ಹತ್ತಬೇಕು. ಅವರ ಗಾಡಿಯಲ್ಲಿ ವಾಂತಿ ಮಾಡಿಕೊಂಡವರು ಕಡಿಮೆ. ಈ ಪಾಠವನ್ನು ನಾನು ಇವತ್ತಿಗೂ ಪಾಲಿಸುತ್ತೇನೆ. ಕಲಿತದ್ದಕ್ಕೆ ಬದಲಾಗಿ ಏನು ಕೊಟ್ಟೆ ಎಂಬುದೂ ನನಗೆ ಗೊತ್ತು, ಆದ್ದರಿಂದ ಋಣದ ಮಾತು ಬೇಡ.

ಒಮ್ಮೆ ಹಡಗಿನಿಂದ ಒಬ್ಬರು ವಯಸ್ಸಾದ ಹೆಂಗಸು ಬಂದರು. ಮಾರ್ಗರೆಟ್ ಎಂದು ಹೆಸರು. ಹೋಟೆಲಿಗೆ ಹೋಗುವ ಮುಂಚೆ ಮೈಸೂರಿನ ಕಾಫಿ ಕುಡಿಸುತ್ತೇನೆ ಎಂದು ಜವರಪ್ಪನವರು ಆಫೀಸಿಗೇ ಕರೆತಂದರು. ಮಲ್ಲಿಗೆ ಹಾರ ಹಾಕಿದರು. ಕುರ್ಚಿ ಒರೆಸಿದರು. ಮಾರನೆಯ ದಿನ ಹೊಸ ಗಾಡಿಯೊಂದು ಶೋರೂಮಿನಿಂದ ಬರುವುದಿತ್ತು. ಅದಕ್ಕೆ ಮೊದಲ ಆರತಿಯನ್ನು ಆಕೆಯ ಕೈಯಲ್ಲೇ ಎತ್ತಿಸಬೇಕು, ಮಾತಾಡಿ ಒಪ್ಪಿಸು ಎಂದು ನನಗೆ ಅಪ್ಪಣೆಯಾಯಿತು. ಒಪ್ಪಿಸಿದೆ. ಮಾತಿಗೆ ಮಾತು ಬಂದು ಆಕೆ ಹೇಳಿದರು, ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಕೂರಲಾರದೆ ಹಡಗು ಹತ್ತಿದೆ ಎಂದು.

ಆಕೆ ಹೋಟೆಲಿಗೆ ಹೋದ ಮೇಲೆ ಜವರಪ್ಪನವರಿಗೆ ಹೇಳಿದೆ. "ಸಾರ್, ಅವರಿಗೂ ಗಂಡ ಇಲ್ಲ."

"ಯಾರ್ಗೆ?"

"ನೀವು ನಾಳೆ ಆರತಿ ಎತ್ತಿಸ್ತೀರಲ್ಲ, ಅವರಿಗೆ."

ಒಂದು ಗಳಿಗೆ ಎಲೆ ಅಡಿಕೆ ಅಗಿಯುವುದು ನಿಂತಿತು. ಅಷ್ಟೆ, ಒಂದೇ ಗಳಿಗೆ. "ಅವ್ರ್ ದೇಶ ಬ್ಯಾರೆ ಕಣಮ್ಮ. ಅವ್ರ್ ಶಕುನ ಅವ್ರಿಗೆ. ನಮ್ ರೋಡಲ್ಲಿ ಓಡೋ ಗಾಡಿಗೆ ನಮ್ ಶಕುನ."

"ಹಾಗಾದ್ರೆ ಗಾಡಿಗೆ ನಿಮ್ಮ ರೋಡಿನವರ ಕೈಲೇ ಆರತಿ ಎತ್ತಿಸಿ."

"ಬಾಯ್ ಬಂತಾ ನಿಂಗೆ?" ಎಂದವರೇ ಎದ್ದು ಹೋದರು. ಮಾರನೆಯ ದಿನ ಹೊರಗೆ ಮಾರ್ಗರೆಟ್ ಆರತಿ ಎತ್ತಿದರು, ಬೀದಿಯವರು ಚಪ್ಪಾಳೆ ತಟ್ಟಿದರು. ನಾನು ಟೈರಿನ ಮೇಲೆ ಕೂತು ಕೇಳಿಸಿಕೊಂಡೆ. "ಸುಮಿತ್ರಾ ಎಲ್ಲಿ?" ಎಂದು ಆಕೆ ಕೇಳಿದ್ದೂ ಕೇಳಿಸಿತು. ಜವರಪ್ಪನವರಿಗೆ ಬರುತ್ತಿದ್ದ ನಾಲ್ಕು ಇಂಗ್ಲಿಷ್ ಪದಗಳಲ್ಲಿ ಎರಡು ಆಗ ಖರ್ಚಾದವು: "ಲೀವು ಮೇಡಂ."

ಅದಾದ ಮುಂದಿನ ಚಳಿಗಾಲ. ಗಂಡ ಹೆಂಡತಿ ಇಬ್ಬರು ಹಡಗಿನಲ್ಲಿ ಬರುವವರಿದ್ದರು, ಮೈಸೂರಿನ ದೊಡ್ಡ ಹೋಟೆಲಿನಲ್ಲಿ ಕೋಣೆ. ಇವರನ್ನು ಚೆನ್ನಾಗಿ ನೋಡಿಕೊಂಡರೆ ತಮ್ಮ ಹಡಗಿನ ಗಿರಾಕಿಗಳನ್ನೆಲ್ಲ ನಮಗೇ ಒಪ್ಪಿಸುವುದಾಗಿ ಆ ಹೋಟೆಲಿನವರು ಹೇಳಿದ್ದರು. ಹಾಗಾಗಿ ಜವರಪ್ಪನವರು ಡ್ರೈವರನ್ನು ನಂಬದೆ ತಾವೇ ಸ್ಟಿಯರಿಂಗ್ ಹಿಡಿದರು. ಪೇಟ, ಹಾರ, ಹೆಸರು ಬರೆದ ಬೋರ್ಡು. ನಾನು ಟೈರು ಕೋಣೆಯಲ್ಲಿ. ಹೊರಗೆ ಗಂಟೆ ಬಾರಿಸುತ್ತಿರುವಾಗ ನನ್ನ ಫೋನಿಗೆ ಹಡಗಿನ ಏಜೆಂಟರ ಮೇಲ್ ಬಂತು. ಸಮುದ್ರದಲ್ಲಿ ಗಾಳಿ ಎದ್ದಿದೆ, ಹಡಗು ಮಂಗಳೂರಿಗೆ ಬರುವುದಿಲ್ಲ, ಸೀದಾ ಕೊಚ್ಚಿಗೆ ಹೋಗಿ ನಾಳೆ ಬೆಳಿಗ್ಗೆ ನಿಲ್ಲುತ್ತದೆ ಎಂದಿತ್ತು.

ಬಾಗಿಲಿಗೆ ಓಡಿದೆ. ಹೊರಗಿನಿಂದ ಚಿಲಕ. ಯಾವತ್ತೂ ಹಾಕುತ್ತಿರಲಿಲ್ಲ, ಆವತ್ತು ದೊಡ್ಡ ಗಿರಾಕಿ ಎಂದು ಹಾಕಿಬಿಟ್ಟಿದ್ದರು. "ಸಾರ್, ನಿಲ್ಲಿ! ಹೋಗಬೇಡಿ!" ಎಂದು ಕೂಗಿದೆ. ಹೊರಟವರನ್ನು ಹಿಂದಿನಿಂದ ಕೂಗುವುದು ಅವರ ಲೆಕ್ಕದಲ್ಲಿ ಎದುರು ಬರುವುದಕ್ಕಿಂತ ಕೆಟ್ಟದ್ದು. "ಬಾಯ್ ಮುಚ್ಲೇ, ಮುಂಡೇದೆ!" ಎಂದದ್ದು ಬೀದಿಗೆಲ್ಲ ಕೇಳಿತು. ಗಾಡಿ ಹೊರಟುಹೋಯಿತು.

ರಫೀಕ್ ಓಡಿ ಬಂದು ಚಿಲಕ ತೆಗೆದ. ನಾನು ಜವರಪ್ಪನವರಿಗೆ ಫೋನು ಮಾಡಿದೆ, ಕಟ್ ಮಾಡಿದರು. ಮತ್ತೆ ಮಾಡಿದೆ, ಮತ್ತೆ ಕಟ್. ಹೊರಟ ಮೇಲಿನ ಮೊದಲ ಫೋನು ನನ್ನದಾಗಬಾರದು ಎಂಬುದು ಇನ್ನೊಂದು ಕಟ್ಟಳೆ. ವಾಟ್ಸಾಪಿನಲ್ಲಿ ಹಾಕಿದೆ, ನೋಡಲಿಲ್ಲ. ಕೊನೆಗೆ ರಫೀಕ್ ತನ್ನ ಫೋನಿಂದ ಹಿಡಿದಾಗ ಅವರು ಹುಣಸೂರಿನಲ್ಲಿದ್ದರು. ರಫೀಕ್ ಸ್ಪೀಕರಿಗೆ ಹಾಕಿ ವಿಷಯ ಹೇಳಿದ.

"ಯಾರ್ ಯೋಳುದ್ರು?"

"ಅಕ್ಕಂಗೆ ಮೇಲ್ ಬಂದಿದೆ ಅಣ್ಣ."

"ಅವ್ಳಾ? ಅಡಗು ಅಂದ್ರೆ ಆಟೋ ಏನ್ಲಾ, ಎಲ್ ಬೇಕೋ ಅಲ್ ತಿರುಗ್ಸಕ್ಕೆ? ರೂಮಲ್ ಕೂರ್ಸಿದ್ದಕ್ಕೆ ಸೇಡು ತೀರಿಸ್ಕೊತಾವ್ಳೆ. ಮಡುಗು ಫೋನು."

ಅಷ್ಟು ಹೇಳಿ ಫೋನು ಆಫ್ ಮಾಡಿದರು. ಸೇಡು ತೀರಿಸಿಕೊಳ್ಳುವುದಾಗಿದ್ದರೆ ಆಗ ಸುಮ್ಮನೆ ಕೂತಿದ್ದರೆ ಸಾಕಿತ್ತು. ಕೊಚ್ಚಿಯಲ್ಲಿ ಇಳಿಯುವ ಆ ಗಂಡ ಹೆಂಡತಿ ಪೆಟ್ಟಿಗೆ ಹಿಡಿದು ಬೀದಿಯಲ್ಲಿ ನಿಲ್ಲುತ್ತಿದ್ದರು, ಇವರ ಕಾರುಬಾರು ಅಲ್ಲಿಗೆ ಮುಗಿಯುತ್ತಿತ್ತು, ಅದರ ಜೊತೆ ನನ್ನ ಅನ್ನವೂ. "ರಫೀಕ್, ಇನ್ನೊಂದು ಗಾಡಿ ತೆಗಿ. ಈಗ ಹೊರಟರೆ ಸಂಜೆಯೊಳಗೆ ಕೊಚ್ಚಿ. ನಾಳೆ ಬರುವಾಗ ರಾತ್ರಿ ಬಂಡೀಪುರದ ಕಾಡಿನ ಗೇಟು ಮುಚ್ಚುವ ಮುಂಚೆ ದಾಟಬೇಕು" ಎಂದೆ. ಅಲ್ಲಿಯ ಏಜೆಂಟರಿಗೆ ಗಾಡಿ ನಂಬರು ಕಳಿಸಿದೆ, ದಂಪತಿಗೆ ಸಂದೇಶ ಹಾಕಿದೆ, ಹೋಟೆಲಿನವರಿಗೆ ಕೋಣೆಯನ್ನು ಒಂದು ದಿನ ಮುಂದಕ್ಕೆ ಹಾಕಲು ಹೇಳಿದೆ.

ರಫೀಕ್ ಗಾಡಿ ಸ್ಟಾರ್ಟ್ ಮಾಡಿದಾಗ ನಾನು ಅಭ್ಯಾಸದಿಂದ ಬಾಗಿಲ ಹಿಂದೆ ಸರಿದೆ. ಅವನು ತಲೆ ಹೊರಹಾಕಿ, "ಎಲ್ಲೋಗ್ತೀರ ಅಕ್ಕ? ಮುಂದೆ ಬಂದು ನಿಂತ್ಕೊಳ್ಳಿ, ನಿಮ್ ಮುಖ ನೋಡ್ಕೊಂಡೇ ಹೋಗ್ತೀನಿ" ಎಂದ. ಹೋಗಿ ಬಾನೆಟ್ಟಿನ ಎದುರಿಗೇ ನಿಂತೆ. ಬೀದಿಯ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಅಷ್ಟು ಖುಷಿಯಾದದ್ದು ನನಗೆ ಬಹಳ ವರ್ಷಗಳ ಮೇಲೆ.

ಮಧ್ಯಾಹ್ನ ಜವರಪ್ಪನವರ ಫೋನು ಬಂತು. ದನಿ ಸಣ್ಣದಾಗಿತ್ತು. "ಅಡಗು ಎಲ್ಲಮ್ಮ?"

"ಕೊಚ್ಚಿಗೆ ಹೋಯ್ತು ಸಾರ್. ಬೆಳಿಗ್ಗೆನೇ ಹೇಳಿದೆ."

ಪೇಟ ಹಾಕಿಕೊಂಡು, ಕೈಯಲ್ಲಿ ಹಾರ ಹಿಡಿದು ಬರೀ ನೀರಿನ ಮುಂದೆ ನಿಂತಿದ್ದರು. ಬಂದರಿನ ಗೇಟಿನವನು ಫೋಟೋ ತೆಗೆದನಂತೆ. ಇದನ್ನು ಬರೆಯುವಾಗ ನನಗೆ ನಗು ಬರುತ್ತಿದೆ, ಬರಲಿ.

ರಫೀಕ್ ಆ ದಂಪತಿಯನ್ನು ಸುಖವಾಗಿ ಕರೆತಂದ. ಹೋಟೆಲಿನ ಮ್ಯಾನೇಜರು ಮೆಚ್ಚಿ ಮಾತಾಡಿದಾಗ ಜವರಪ್ಪನವರು ನನ್ನ ಎದುರಿಗೇ ಹೇಳಿದರು: "ಗಾಳಿ ವಾಸ್ನೆ ನಂಗ್ ಮೊದ್ಲೇ ಬಂದಿತ್ತು ಸಾ. ಅದ್ಕೇ ಎರಡು ಕಡೆಗೂ ಗಾಡಿ ಮಡಗಿದ್ದೆ." ಮ್ಯಾನೇಜರು ಹೋದ ಮೇಲೆ ನನ್ನ ಕಡೆ ತಿರುಗಿದರು. "ಇಂದ್ಗಡೆಯಿಂದ ಕೂಗುದ್ಯಲ್ಲ, ಅದ್ಕೇ ಕಣಮ್ಮ ಅಡಗು ತಿರುಗ್ಕೊಂಡಿದ್ದು."

"ಹಡಗು ತಿರುಗಿದ ಮೇಲೆ ನಾನು ಕೂಗಿದ್ದು ಸಾರ್."

"ಎಲ್ಡೂ ಒಂದೇ."

"ಒಂದಲ್ಲ ಸಾರ್. ನಾಳೆಯಿಂದ ಗಾಡಿ ಹೊರಡುವಾಗ ನಾನು ಬಾಗಿಲಲ್ಲಿ ನಿಲ್ತೀನಿ. ನಿಮ್ಮ ಹೆಸರು ಉಳಿಸಿದವಳು ನಾನು. ಅಷ್ಟು ಮಾಡಿ ಸಾಕು, ಬೇರೇನೂ ಬೇಡ."

ಅವರು ಯೋಚನೆ ಮಾಡಿದರು. ನಿಜವಾಗಿಯೂ ಮಾಡಿದರು, ಮುಖದಲ್ಲಿ ಕಾಣುತ್ತಿತ್ತು. ಆಮೇಲೆ, "ಬ್ಯಾರೆ ಏನಾರ ಕೇಳು. ಅದು ಆಗಾಕಿಲ್ಲ" ಎಂದರು. ಆಫೀಸಿನ ಬೀಗದಕೈ ಮೇಜಿನ ಮೇಲಿಟ್ಟು ನಡೆದುಬಿಟ್ಟೆ. "ಒಂಟಿ ಎಂಗ್ಸು, ಏನ್ ಕಿಸೀತಾಳೆ ನೋಡ್ತೀನಿ!" ಎಂದು ಬೆನ್ನ ಹಿಂದೆ ಕೂಗಿದರು. ಹೊರಟವರನ್ನು ಹಿಂದಿನಿಂದ ಕೂಗಬಾರದು ಎಂಬ ನೇಮ ಅವರಿಗೆ ಇರಲಿಲ್ಲವೆಂದು ಕಾಣುತ್ತದೆ.

ಏನು ಮಾಡಿದೆ ಎಂದರೆ, ಅವರು ಮಾಡುತ್ತಿದ್ದದ್ದನ್ನೇ ಮಾಡಿದೆ. ರಫೀಕ್ ಸಾಲ ತೆಗೆದು ಸ್ವಂತ ಗಾಡಿ ಕೊಂಡ, ನಾನು ಚಾಮರಾಜಪುರಂನ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಜವರಪ್ಪನವರು ಹೋಟೆಲು ಹೋಟೆಲಿಗೂ ಹೋಗಿ, "ಆ ಗಾಡಿ ಅತ್ತಿಸ್ಬ್ಯಾಡಿ, ಅದು ಒಳ್ಳೇ ಗಳಿಗೇಲಿ ಒರಡೋ ಗಾಡಿ ಅಲ್ಲ" ಎಂದು ಹೇಳಿಬಂದರು. ಕೆಲವರು ನಂಬಿದರು ಕೂಡ. ನಮ್ಮ ಗಾಡಿ ಹೊರಡುವಾಗಲೆಲ್ಲ ನಾನು ಗೇಟಿನ ಹೊರಗೆ, ರಸ್ತೆಯ ನಡುವೆ ಬಂದು ನಿಲ್ಲುತ್ತಿದ್ದೆ. ಎದುರು ಮನೆಯವರು ಕಿಟಕಿ ಹಾಕಿಕೊಂಡರೂ ನಿಲ್ಲುತ್ತಿದ್ದೆ.

ಕೆಲವು ವರ್ಷ ಕಳೆದ ಮೇಲೆ ರಫೀಕ್ ಸುದ್ದಿ ತಂದ. "ಅಣ್ಣಂಗೆ ಹಾರ್ಟು ಆಪರೇಷನ್ನಂತೆ ಅಕ್ಕ. ಒಂದ್ಸಲ ನೋಡ್ಕೊಂಡ್ ಬನ್ನಿ." ಒಳ್ಳೆಯತನದಿಂದ ಹೋದೆ ಎಂದು ಬರೆದರೆ ಸುಳ್ಳಾಗುತ್ತದೆ. ಆ ಮನುಷ್ಯ ಮಲಗಿರುವುದನ್ನು ನೋಡಬೇಕಿತ್ತು, ಅದಕ್ಕೆ ಹೋದೆ.

ಆಸ್ಪತ್ರೆಯ ಉದ್ದನೆಯ ಓಣಿಯಲ್ಲಿ ನಾನು ಬರುತ್ತಿದ್ದೆ, ಆ ಕಡೆಯಿಂದ ಅವರನ್ನು ಮಲಗಿಸಿಕೊಂಡು ಆಪರೇಷನ್ ಕೋಣೆಗೆ ತಳ್ಳಿಕೊಂಡು ಬರುತ್ತಿದ್ದರು. ಹಿಂದೆ ಅವರ ಹೆಂಡತಿ ಗೌರಮ್ಮ. ಜವರಪ್ಪನವರು ನನ್ನನ್ನು ಕಂಡರು. ಕೈ ಎತ್ತಿ, "ತಡೀರಿ... ತಿರುಗ್ಸಿ, ಆ ಕಡೆಯಿಂದ ಓಗಣ" ಎಂದು ತಳ್ಳುವವನಿಗೆ ಹೇಳಿದರು. "ಆ ಕಡೆ ದಾರಿ ಇಲ್ಲ ಯಜಮಾನ್ರೇ" ಎಂದನವನು.

"ಪಕ್ಕಕ್ಕೋಗಮ್ಮ" ಎಂದರು ನನಗೆ. ಕೇಳಿಕೊಳ್ಳುವ ದನಿ, ಆ ಗಂಟಲಿನಿಂದ ನಾನು ಕೇಳಿರದ ದನಿ. ನಾನು ಸರಿಯಲಿಲ್ಲ. ಓಣಿಯ ನಡುವೆಯೇ ನಿಂತೆ. ಅವರು ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು, ಕಹಿ ಔಷಧಿಗೆ ಮಕ್ಕಳು ಮುಚ್ಚುವ ಹಾಗೆ.

"ಕಣ್ಣು ಬಿಡಿ ಸಾರ್. ನೋಡಿ, ನಾನೇ ಸುಮಿತ್ರಾ."

ಬಿಟ್ಟರು. ನಾವಿಬ್ಬರೂ ಅಷ್ಟು ಹತ್ತಿರದಿಂದ ಮುಖ ನೋಡಿಕೊಂಡದ್ದು ಅದೇ ಮೊದಲು. ಅವರ ಕಣ್ಣಲ್ಲಿ ದ್ವೇಷ ಇರಲಿಲ್ಲ, ಬರೀ ಭಯ. ಅದೂ ನನ್ನನ್ನು ಕಂಡ ಭಯ. ಅವರು ನಾಟಕ ಆಡಿರಲಿಲ್ಲ, ಪೂರ್ತಿ ನಂಬಿದ್ದರು. ಆಮೇಲೆ ನಾನು ಗೋಡೆಗೆ ಸರಿದೆ, ಗಾಲಿಗಳು ಉರುಳಿಕೊಂಡು ಹೋದವು, ಬಾಗಿಲು ಮುಚ್ಚಿತು.

ಅಲ್ಲಿಂದ ನನಗೆ ಶುರುವಾಯಿತು. ಒಳಗೆ ಏನಾದರೂ ಆಗಿಬಿಟ್ಟರೆ? ಮನೆಗೆ ಹೋಗದೆ ಅಲ್ಲೇ ಬೆಂಚಿನ ಮೇಲೆ ಕೂತೆ. ಅವರು ಬದುಕಲಿ ಎಂದು ನಾನು ಯಾವತ್ತೂ ಬೇಡಿಕೊಂಡವಳಲ್ಲ. ಆವತ್ತು ಬೇಡಿಕೊಂಡೆ, ಬೆಟ್ಟದ ತಾಯಿಯಿಂದ ಹಿಡಿದು ಗೊತ್ತಿರುವ ದೇವರನ್ನೆಲ್ಲ ಕರೆದೆ. ಪ್ರೀತಿಯಿಂದಲ್ಲ. ಅವರು ಒಳಗೇ ಹೋಗಿಬಿಟ್ಟಿದ್ದರೆ ಅವರು ಹೇಳಿದ್ದು ನಿಜವಾಗಿಬಿಡುತ್ತಿತ್ತು, ಆಮೇಲೆ ಯಾವ ಗಾಡಿಯ ಮುಂದೆ ನಿಲ್ಲುವುದಕ್ಕೂ ನನ್ನಿಂದ ಆಗುತ್ತಿರಲಿಲ್ಲ. ನಾನು ಬಿಕ್ಕುತ್ತಿರುವುದನ್ನು ಕಂಡು ಗೌರಮ್ಮ ಪಕ್ಕ ಬಂದು ಕೂತು ಬೆನ್ನು ಸವರಿದರು. "ಎಷ್ಟೊಂದು ಅಚ್ಕೊಂಡಿದ್ದೀಯಮ್ಮ ಅವ್ರನ್ನ" ಎಂದರು.

ಡಾಕ್ಟರು ಹೊರಬಂದು, ಚೆನ್ನಾಗಿಯೇ ಆಗಿದೆ ಎಂದರು. ಗೌರಮ್ಮ ನನ್ನ ಕೈ ಹಿಡಿದುಕೊಂಡು ಅತ್ತರು. ನಾನು ಕೈ ಬಿಡಿಸಿಕೊಂಡು ಮನೆಗೆ ಬಂದು, ಹೊಟ್ಟೆ ತುಂಬ ಊಟ ಮಾಡಿ ಮಲಗಿದೆ.

ಆ ಮನುಷ್ಯ ಎದ್ದು ಓಡಾಡಿದರು, ಮತ್ತೆ ಬೈದರು, ಮತ್ತೆ ಪೇಟ ಕಟ್ಟಿದರು. ಬೆಟ್ಟದಲ್ಲಿ ಹರಕೆ ಹೊತ್ತದ್ದರಿಂದ ಬದುಕಿದೆ ಎಂದು ಹೇಳಿಕೊಂಡು ತಿರುಗಿದರಂತೆ. ನನ್ನ ಮುಖ ನೋಡಿಕೊಂಡು ಒಳಗೆ ಹೋಗಿ, ನೆಟ್ಟಗೆ ಹೊರಗೆ ಬಂದೆ ಎಂದು ಒಬ್ಬರ ಹತ್ತಿರವೂ ಹೇಳಲಿಲ್ಲ. ಒಂದು ಫೋನೂ ಮಾಡಲಿಲ್ಲ.

ಹೋದ ವರ್ಷ ತೀರಿಕೊಂಡರು. ನಿದ್ದೆಯಲ್ಲೇ, ಮನೆಯಲ್ಲೇ. ರಫೀಕ್ ಬಂದು ಗೇಟಿನಲ್ಲಿ ನಿಂತು ಹೇಳಿದ. ಅಯ್ಯೋ ಎನ್ನಲಿಲ್ಲ ನಾನು, ಅಳಲಿಲ್ಲ. ನಿಂತಲ್ಲೇ ಲೆಕ್ಕ ಹಾಕತೊಡಗಿದೆ: ನಿನ್ನೆ ನಾನು ಎಲ್ಲೆಲ್ಲಿಗೆ ಹೋಗಿದ್ದೆ? ತರಕಾರಿಗೆ ಮಂಡಿ ಮೊಹಲ್ಲಾದ ಕಡೆ ಹೋದೆನೆ? ಅವರ ಮನೆಯ ಬೀದಿ ದಾಟಿದೆನೆ? ಅವರು ಬಾಗಿಲಲ್ಲಿ ಕೂತಿದ್ದರೆ? ನನ್ನನ್ನು ಕಂಡಿರಬಹುದೆ? ನಾಲ್ಕು ಸಲ ಲೆಕ್ಕ ಹಾಕಿ, ಇಲ್ಲ, ಆ ಕಡೆ ಹೋಗಿಲ್ಲ ಎಂದು ಖಾತ್ರಿಯಾದ ಮೇಲೆಯೇ ನನಗೆ ಉಸಿರು ಬಂದದ್ದು.

"ಏನಕ್ಕ ಯೋಚ್ನೆ ಮಾಡ್ತಿದೀರ?" ಎಂದ ರಫೀಕ್.

ಏನಿಲ್ಲ ಎಂದೆ. ಚಿಲಕ ಹಾಕಿದ್ದನ್ನು, ಬೈದದ್ದನ್ನು, ಊರೆಲ್ಲ ಹೇಳಿಕೊಂಡು ಬಂದದ್ದನ್ನು ಬೇಕಾದರೆ ಬಿಟ್ಟುಬಿಡುತ್ತಿದ್ದೆ. ಆ ಲೆಕ್ಕವನ್ನು ನನ್ನ ತಲೆಯೊಳಗೆ ಇಟ್ಟು ಹೋದದ್ದಕ್ಕೆ ಅವರನ್ನು ಕ್ಷಮಿಸಲಾರೆ.